ನಾಯಿ ಹಲ್ಲಿನ ಕಂದು ಗುಳಿ: ಕೆರೆಯುವ ಮೊದಲು ಸರಿಯಾಗಿ ನೋಡಿ

ನಾಯಿ ಆಕಳಿಸಿದಾಗ ಕೋರೆಹಲ್ಲಲ್ಲಿ ಕಂದು ಪಟ್ಟಿ ಕಂಡರೆ ಚಾಕು ತಗೊಂಡು ಕೆರೆಯಲು ಹೋಗಬೇಡಿ. ಅದು ಕೊಳೆಯೇ ಆಗಿರಬೇಕೆಂದಿಲ್ಲ. ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ಹುಟ್ಟುವಾಗಲೇ ಸರಿಯಾಗಿ ಕೂರದೆ ಇದ್ದರೂ ಹೀಗೇ ಕಾಣುತ್ತದೆ.

ನೋಡುವುದು ಸುಲಭ. ಒಬ್ಬರು ನಾಯಿಯನ್ನು ಹಿಡಿದುಕೊಳ್ಳಲಿ, ನೀವು ತುಟಿ ಮಾತ್ರ ಮೇಲೆತ್ತಿ. ಬಾಯಿ ಬಿಡಿಸಬೇಕಾಗಿಲ್ಲ. ಹಲ್ಲನ್ನು ಹತ್ತಿಬಟ್ಟೆಯಿಂದ ಒರೆಸಿ, ಯಾಕಂದ್ರೆ ಒದ್ದೆ ಹಲ್ಲಿನ ಹೊಳಪಲ್ಲಿ ಸಣ್ಣ ಗುಳಿ ಕಾಣಿಸುವುದಿಲ್ಲ. ಮಡಿಕೇರಿಯ ಮಳೆಗಾಲದ ಬೆಳಕು ನಿಮಗೆ ಗೊತ್ತಲ್ವಾ, ಮೊಬೈಲ್ ಟಾರ್ಚ್ ಹಾಕಿಕೊಳ್ಳಿ. ವಸಡಿನ ಪಕ್ಕ ಉಬ್ಬಿಕೊಂಡಿದ್ದರೆ ಅದು ಕಟ್ಟಿಕೊಂಡ ಪಾಚಿ. ತಗ್ಗಾಗಿ, ಒರಟಾಗಿದ್ದರೆ ಎನಾಮಲ್ ದೋಷ.

ಈಗ ಎಷ್ಟು ಹಲ್ಲಿಗೆ ಆಗಿದೆ ಎಂದು ಎಣಿಸಿ. ಒಂದೇ ಹಲ್ಲಾದರೆ ಮರಿಯಾಗಿದ್ದಾಗ ಅಲ್ಲಿಗೆ ಪೆಟ್ಟು ಬಿದ್ದಿರಬಹುದು, ಇಲ್ಲವೇ ಹಾಲುಹಲ್ಲಿನ ಬುಡದಲ್ಲಿ ಕೀವಾಗಿರಬಹುದು. ಹಲವು ಹಲ್ಲುಗಳಲ್ಲಿ ಅಡ್ಡಪಟ್ಟಿ ಇದ್ದರೆ ಆ ವಯಸ್ಸಲ್ಲಿ ಜೋರು ಜ್ವರ ಬಂದಿರಬಹುದು. ಇದಕ್ಕೆ ಹೆಸರುವಾಸಿ ಕಾರಣ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ. ಶಾಶ್ವತ ಹಲ್ಲಿನ ಎನಾಮಲ್ ಮರಿಗೆ ಕೆಲವೇ ತಿಂಗಳಾಗಿದ್ದಾಗ, ದವಡೆಯ ಒಳಗೇ, ತುದಿಯಿಂದ ವಸಡಿನ ಕಡೆಗೆ ಕಟ್ಟುತ್ತಾ ಬರುತ್ತದೆ. ಹಾಗಾಗಿ ಪಟ್ಟಿ ತುದಿಯಲ್ಲಿದ್ದರೆ ಕಾಯಿಲೆ ಬೇಗ ಬಂದಿತ್ತು, ವಸಡಿನ ಹತ್ತಿರ ಇದ್ದರೆ ಸ್ವಲ್ಪ ತಡವಾಗಿ. ಹಲ್ಲು ಹೊರಬಂದ ಮೇಲೆ ಎನಾಮಲ್ ಮಾಡುವ ಕೋಶಗಳೇ ಉಳಿದಿರುವುದಿಲ್ಲ, ಕ್ಯಾಲ್ಸಿಯಂ ಮಾತ್ರೆ ಎಷ್ಟು ಕೊಟ್ಟರೂ ಗುಳಿ ತುಂಬಿಕೊಳ್ಳದು. ಎಲ್ಲಾ ಹಲ್ಲೂ ತೆಳು, ಒಡಹುಟ್ಟಿದ ಮರಿಗಳಿಗೂ ಹಾಗೇ ಅಂದರೆ ವಂಶದಿಂದ ಬಂದಿರಬಹುದು. ಅಂಥ ನಾಯಿಯಿಂದ ಮರಿ ಹಾಕಿಸಬೇಡಿ. ಹಲ್ಲು ನಯವಾಗಿದ್ದು ಬರೀ ಹಳದಿ ಅಂದರೆ ಗಬ್ಬದಲ್ಲಿ ಅಥವಾ ಎಳೆತನದಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರೇ ಎಂದು ವಿಚಾರಿಸಿ.

ಪಶುವೈದ್ಯರಿಗೆ ತೋರಿಸಿ, ಹಲ್ಲಿನ ಎಕ್ಸ್‌ರೇ ಬಗ್ಗೆ ಕೇಳಿ, ಯಾಕಂದ್ರೆ ಬೇರೂ ಸರಿಯಾಗಿ ಬೆಳೆದಿರದೆ ಇರಬಹುದು. ಈ ಸೌಕರ್ಯ ಎಲ್ಲಾ ಕಡೆ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ. ನೋವಿರುವ ಗುಳಿಗೆ ಫಿಲ್ಲಿಂಗ್ ಮಾಡಬಹುದು. ಮನೆಯಲ್ಲಿ ದಿನಾ ಮೆತ್ತನೆ ಬ್ರಷ್, ನಾಯಿಗೆಂದೇ ಇರುವ ಪೇಸ್ಟ್. ನಮ್ಮ ಪೇಸ್ಟ್ ಬೇಡವೇ ಬೇಡ. ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ, ಅದು ನಾಯಿಗೆ ವಿಷ. ಕೈಲ್ ಪೊಳ್ದ್ ಹಬ್ಬದ ದಿನ ಪಂದಿ (ಹಂದಿ) ಮೂಳೆ ಹಾಕುವ ಆಸೆಯನ್ನೂ ಬಿಟ್ಟುಬಿಡಿ, ಎನಾಮಲ್ ಇಲ್ಲದ ಹಲ್ಲು ಬೇಗ ಮುರಿಯುತ್ತದೆ.

ಇನ್ನು ಮರಿಗಳಿಗೆ ಆರರಿಂದ ಎಂಟು ವಾರಕ್ಕೇ ಡಿಸ್ಟೆಂಪರ್ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಹಾಕಿಸಿ. ಎಸ್ಟೇಟ್ ಲೈನ್ (ತೋಟದ ಕಾರ್ಮಿಕರ ಸಾಲುಮನೆ) ಕಡೆಯ ಮರಿಗಳನ್ನೂ ಮರೆಯಬೇಡಿ.

ಹಸುವಿನ ಹಲ್ಲಿನ ವಿಷಯ ಬೇರೆ, ಅಲ್ಲಿ ನೀರಿನಲ್ಲಿ ಹೆಚ್ಚಾದ ಫ್ಲೋರೈಡ್‌ನಿಂದಲೂ ಎನಾಮಲ್ ಕೆಡುತ್ತದೆ. ಪಾವಗಡದಂಥ ಫ್ಲೋರೈಡ್ ನೀರಿನ ಕಡೆ ಬೆಳೆದ ಹಸು ಕೊಳ್ಳುವುದಾದರೆ ಕೆಳದವಡೆಯ ಮುಂದಿನ ಹಲ್ಲು ನೋಡಿ, ಮೇಲೆ ಹೇಗೂ ಮುಂಹಲ್ಲಿರುವುದಿಲ್ಲ. ಸುಣ್ಣದ ಹಾಗೆ ಬೆಳ್ಳಗಿನ ಮಚ್ಚೆ, ಕಂದು ಕಲೆ, ವಯಸ್ಸಿಗೆ ಮೀರಿದ ಸವೆತ ಇದ್ದರೆ ಬೆಲೆ ಮಾತಾಡುವ ಮುನ್ನ ಯೋಚಿಸಿ. ಕೊಡಗಿನ ನೀರು ಕುಡಿಸಿದರೂ ಆ ಕಲೆ ಹೋಗುವುದಿಲ್ಲ.