ಇಂಗ್ಲೆಂಡಿಗೆ ಹೊರಟ ದಾವಣಗೆರೆ, ದುರ್ಗದವರಿಗೆ: ಹಳೇ ಸ್ಕೂಟರ್ ಕೊಳ್ಳುವ ಮುಂಚೆ ಅದರ ಎಂಒಟಿ ಓದಿ

ಹೋಂಡಾ ವಿಷನ್ 110 ಸ್ಕೂಟರ್ ಎಂಒಟಿ, ಅಂದರೆ ಅಲ್ಲಿಯ ಕಡ್ಡಾಯ ಗಾಡಿ ಪರೀಕ್ಷೆ, ಪಾಸಾಗುತ್ತದಾ? ಇಂಗ್ಲೆಂಡಿನಿಂದ ನಾನು ಊರಿಗೆ ಬಂದಾಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗದಿಂದ ನರ್ಸಿಂಗ್ ಕೆಲಸಕ್ಕೋ ಎಂಎಸ್ಸಿ ಓದಲಿಕ್ಕೋ ಇಂಗ್ಲೆಂಡಿಗೆ ಹೊರಟ ಹುಡುಗ ಹುಡುಗಿಯರು ಕೇಳುತ್ತಾರೆ. ಬೆಳಗಿನ ಜಾವದ ಶಿಫ್ಟಿಗೆ ಎಷ್ಟೋ ಕಡೆ ಬಸ್ಸಿಲ್ಲ. ಕಾರಿನ ಇನ್ಶೂರೆನ್ಸ್ ಹೊಸಬರ ಕೈಗೆ ಎಟುಕುವುದಿಲ್ಲ. ಆಗ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಮೇಲೆ ಕಣ್ಣು ಬೀಳುವುದು ಸಹಜ ಅಲ್ವಾ?

ವಿಷನ್ ಒಳ್ಳೇ ಗಾಡಿ, ಅನುಮಾನ ಬೇಡ. ಆದರೆ ಮಾಡೆಲ್ ಹೆಸರು ಕೇಳಿ ದುಡ್ಡು ಎಣಿಸಬೇಡಿ. ಟೆಸ್ಟಿಗೆ ನಿಲ್ಲುವುದು ನೀವು ಕೊಳ್ಳುವ ಆ ಒಂದು ಗಾಡಿ. ಅದನ್ನು ಹಿಂದಿನವರು ಹೇಗೆ ಓಡಿಸಿದರು, ಮಳೆಗಾಲ ಚಳಿಗಾಲ ಎಲ್ಲಿ ನಿಲ್ಲಿಸಿದರು ಅನ್ನುವುದೇ ಫಲಿತಾಂಶ ತೀರ್ಮಾನ ಮಾಡುತ್ತದೆ. ಖುಷಿಯ ವಿಷಯ ಏನೆಂದರೆ, ಇದರ ಬಹುಪಾಲು ದಾವಣಗೆರೆಯ ನಿಮ್ಮ ಮನೆಯಲ್ಲಿ ಕೂತೇ ತಿಳಿದುಕೊಳ್ಳಬಹುದು.

ನಮ್ಮಲ್ಲಿ ವರ್ಷಕ್ಕೊಮ್ಮೆ ಗಾಡಿ ಪರೀಕ್ಷೆ ಅನ್ನುವ ಅಭ್ಯಾಸವೇ ಇಲ್ಲ. ಕೆಎ 17 ಇರಲಿ, ಕೆಎ 16 ಇರಲಿ, ಸ್ವಂತ ಸ್ಕೂಟರ್ ಒಮ್ಮೆ ನೋಂದಣಿ ಆದರೆ 15 ವರ್ಷ ಆರ್‌ಟಿಒ ಮುಖ ನೋಡಬೇಕಿಲ್ಲ. ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಣ. ನಡುವೆ ಇರುವುದು ಎಮಿಷನ್ ಚೀಟಿ ಒಂದೇ. ಪೆಟ್ರೋಲ್ ಬಂಕ್ ಪಕ್ಕದ ವ್ಯಾನಿನವನು ಸೈಲೆನ್ಸರಿಗೆ ಪೈಪ್ ತೂರಿಸಿ ಕಾಗದ ಕೊಡುತ್ತಾನೆ, ಬ್ರೇಕ್ ಹಿಡಿಯುತ್ತದಾ ಅಂತ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಇದು ತಲೆಕೆಳಗು. ಬೈಕ್, ಸ್ಕೂಟರಿನ ಎಂಒಟಿಯಲ್ಲಿ ಹೊಗೆಯ ಅಳತೆ ಇಲ್ಲ. ಮುಖ್ಯವಾಗಿ ನೋಡುವುದು ಬ್ರೇಕ್, ಟೈರ್, ಹ್ಯಾಂಡಲ್, ಲೈಟ್, ಶಾಕ್ ಅಬ್ಸಾರ್ಬರ್, ಚಾಸಿಸ್.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಗಾಡಿ ನೋಂದಣಿಯಾಗಿ 3 ವರ್ಷಕ್ಕೆ ಮೊದಲ ಎಂಒಟಿ, ಆಮೇಲೆ ಪ್ರತಿ ವರ್ಷ. ಬೈಕ್, ಸ್ಕೂಟರಿಗೆ ಗರಿಷ್ಠ ಶುಲ್ಕ 29.65 ಪೌಂಡ್. ಎಂಒಟಿ ಇಲ್ಲದೆ ರಸ್ತೆ ತೆರಿಗೆ ಕಟ್ಟಲಾಗದು, ಓಡಿಸಿ ಸಿಕ್ಕಿಬಿದ್ದರೆ 1000 ಪೌಂಡ್ ತನಕ ದಂಡ. ಅವಧಿ ಮುಗಿಯಲು ಸುಮಾರು ಒಂದು ತಿಂಗಳು ಇರುವಾಗಲೇ ಮಾಡಿಸಿದರೂ ಹಳೇ ತಾರೀಖೇ ಮುಂದಿನ ವರ್ಷಕ್ಕೆ ಉಳಿಯುತ್ತದೆ. ನಮ್ಮ ಲೈಸೆನ್ಸ್ ಅಲ್ಲಿ 12 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿಯ ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್, ಸಿಬಿಟಿ ಅನ್ನುವ ಕಡ್ಡಾಯ ಆರಂಭಿಕ ತರಬೇತಿ, ಎಲ್ ಬೋರ್ಡ್. ಉತ್ತರ ಐರ್ಲೆಂಡಿಗೆ ಹೋಗುವವರು ಅಲ್ಲಿಯ ನಿಯಮ ಬೇರೆಯಾಗಿ ನೋಡಿಕೊಳ್ಳಿ.

ಈಗ ಟೆಸ್ಟಿನ ವಿಷಯ. ಇದಕ್ಕೆ ಹೆದರುವ ಅಗತ್ಯ ಇಲ್ಲ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಹದಡಿ ರಸ್ತೆಯಲ್ಲೋ ಪಿ.ಬಿ. ರಸ್ತೆಯಲ್ಲೋ ನಿಮ್ಮ ಮನೆಯ ಮೆಕ್ಯಾನಿಕ್ ಗಾಡಿ ಬಂದ ಕೂಡಲೇ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ಸೆಂಟರ್ ಸ್ಟ್ಯಾಂಡ್ ಹಾಕುತ್ತಾನೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಆ ಕಡೆ ಈ ಕಡೆ ನಿಧಾನ ತಿರುಗಿಸುತ್ತಾನೆ. ನಡುವೆ ಎಲ್ಲೋ ಕಚ್ಚಿದ ಹಾಗಾದರೆ "ಕೋನ್ ಸೆಟ್ ಹೋಗಿದೆ ಅಣ್ಣಾ" ಅನ್ನುತ್ತಾನೆ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಚಕ್ರ ತಿರುಗಿಸಿ ಬೇರಿಂಗ್ ಸದ್ದು ಕೇಳುತ್ತಾನೆ. ಹಿಂದಿನ ಚಕ್ರ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಎಂಒಟಿ ಟೆಸ್ಟರ್ ಮಾಡುವುದೂ ಇದನ್ನೇ. ಜೊತೆಗೆ ಬ್ರೇಕಿನ ಬಲ ಅಳೆಯುತ್ತಾರೆ, ಹೆಡ್‌ಲೈಟ್ ಎತ್ತರ ಸರಿ ಇದೆಯಾ ಅಂತ ಉಪಕರಣ ಇಟ್ಟು ನೋಡುತ್ತಾರೆ. ನೀವು ಆ ಗ್ಯಾರೇಜಿನ ಮುಂದೆ ಸ್ಟೂಲ್ ಮೇಲೆ ಕೂತು ನೋಡಿದ್ದನ್ನೆಲ್ಲ ಅಲ್ಲಿ ನಿಮ್ಮ ಕೈಯಿಂದ ಮಾಡಬೇಕು, ಅಷ್ಟೇ ವ್ಯತ್ಯಾಸ.

ವಿಷನ್ ಬಗ್ಗೆ ಹೇಳುವುದಾದರೆ, ಅದು ಯುರೋಪಿಗೆ ಬಂದದ್ದು 2011ರಲ್ಲಿ, 2021ರಲ್ಲಿ ಹೊಸ ಎಂಜಿನ್ ಬಂತು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಚಕ್ರ 16 ಇಂಚು, ಹಿಂದಿನದು 14. ನಮ್ಮ ಆಕ್ಟಿವಾಕ್ಕಿಂತ ಚಕ್ರ ದೊಡ್ಡದು, ಗುಂಡಿ ಬಿದ್ದ ರಸ್ತೆಯಲ್ಲಿ ಅದಕ್ಕಿಂತ ನೆಮ್ಮದಿ. ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತದೆ, ಹಾಗಾಗಿ ರೇಡಿಯೇಟರ್ ತಾಪತ್ರಯ ಇಲ್ಲ. ಸರಳ ಗಾಡಿ, ಕೆಡಲಿಕ್ಕೆ ಭಾಗಗಳೇ ಕಡಿಮೆ. ಒಟ್ಟು ನೋಡಿದರೂ ದ್ವಿಚಕ್ರ ವಾಹನಗಳು ಕಾರುಗಳಿಗಿಂತ ಮೊದಲ ಸಲಕ್ಕೇ ಹೆಚ್ಚು ಪಾಸಾಗುತ್ತವೆ ಅಂತ ಅಲ್ಲಿಯ ಸರ್ಕಾರ ಪ್ರಕಟಿಸುವ ಅಂಕಿಗಳೇ ತೋರಿಸುತ್ತವೆ.

ಇಂಥ ಗಾಡಿ ಫೇಲ್ ಆದರೆ ಆಗುವುದು ಸಣ್ಣಪುಟ್ಟದಕ್ಕೇ. ನಂಬರ್ ಪ್ಲೇಟ್ ಲೈಟಿನ ಬಲ್ಬ್. ಹೆಡ್‌ಲೈಟ್ ಕೆಳಕ್ಕೆ ಬಾಗಿರುವುದು. ಸವೆದ ಟೈರ್. 50 ಸಿಸಿ ಮೀರಿದ ಗಾಡಿಗೆ ಟೈರಿನ ಅಗಲದ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಕನಿಷ್ಠ 1 ಮಿ.ಮೀ. ಗ್ರಿಪ್ ಇರಬೇಕು. ಬ್ರೇಕ್ ಲೈಟ್ ನೋಡುವಾಗ ಎಡಗೈ ಲಿವರ್ ಒಮ್ಮೆ, ಬಲಗೈ ಲಿವರ್ ಒಮ್ಮೆ ಬೇರೆ ಬೇರೆಯಾಗಿ ಒತ್ತಿ. ಎರಡರಲ್ಲೂ ದೀಪ ಹತ್ತಬೇಕು. ಎರಡನ್ನೂ ಒಟ್ಟಿಗೆ ಹಿಡಿದು ನೋಡಿ ಸರಿ ಇದೆ ಅಂದುಕೊಂಡವರು ಬಹಳ ಜನ ಇದ್ದಾರೆ. ಹಿಂದಿನ ಡ್ರಮ್ ಬ್ರೇಕಿಗೆ ಒಂದು ಸುಲಭ ಉಪಾಯ ಇದೆ. ಚಕ್ರದ ಹತ್ತಿರ ಕೇಬಲ್ ಕೊನೆಯಲ್ಲಿ ಟೈಟ್ ಮಾಡುವ ನಟ್ ಇರುತ್ತದಲ್ಲ, ಅದನ್ನು ನೋಡಿ. ನಟ್ ಥ್ರೆಡ್‌ನ ಕೊನೆ ತನಕ ಒಳಗೆ ಹೋಗಿದ್ದರೆ ಬ್ರೇಕ್ ಶೂ ಮುಗಿದಿದೆ ಅಂತಲೇ ಲೆಕ್ಕ. ಮಾರುವವರು ಎಷ್ಟೇ ಹೊಳಪು ಪಾಲಿಶ್ ಹಾಕಿರಲಿ, ಆ ನಟ್ ನಿಜ ಹೇಳುತ್ತದೆ.

ಇನ್ನು ಮನೆಯಲ್ಲೇ ಕೂತು ಮಾಡುವ ಕೆಲಸ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿಯ ನಂಬರ್ ಹಾಕಿದರೆ ಅದರ ಎಂಒಟಿ ಇತಿಹಾಸ ಪೂರ್ತಿ ಬರುತ್ತದೆ. ದುಡ್ಡು ಬೇಡ, ಲಾಗಿನ್ ಬೇಡ. ಯಾವ ತಾರೀಖು, ಪಾಸೋ ಫೇಲೋ, ಮೀಟರಿನಲ್ಲಿ ಎಷ್ಟು ಮೈಲಿ, ಯಾವ ದೋಷ, ಎಲ್ಲ ಇರುತ್ತದೆ. 2018ರ ಮೇ ತಿಂಗಳಿನಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಅಂತ ವಿಂಗಡಿಸುತ್ತಾರೆ. ಮೊದಲೆರಡು ಬಂದರೆ ಫೇಲ್. ಇವಲ್ಲದೆ ಅಡ್ವೈಸರಿ ಅಂತ ಒಂದಿದೆ. ಈಗ ಪಾಸು, ಆದರೆ ಇದನ್ನು ನೋಡಿಕೊಳ್ಳಿ ಅನ್ನುವ ಎಚ್ಚರಿಕೆ. ಓದಬೇಕಾದದ್ದು ಅದನ್ನೇ.

ಹೊಳಲ್ಕೆರೆ ಕಡೆಯ ಹುಡುಗನೊಬ್ಬ ಎರಡು ವಿಷನ್‌ಗಳ ಜಾಹೀರಾತು ತಂದು ತೋರಿಸಿದ. ಒಂದು 2018ರದ್ದು, ಫೋಟೋದಲ್ಲಿ ಮಿರಮಿರ ಮಿಂಚುತ್ತಿತ್ತು. ಇನ್ನೊಂದು 2014ರದ್ದು, ಸೀಟಿನ ಮೇಲೆ ಟೇಪ್ ಅಂಟಿಸಿತ್ತು. ಅವನ ಮನಸ್ಸು ಮೊದಲನೆಯದರ ಮೇಲೆ. ಅಡುಗೆಮನೆಯಿಂದ ಅಮ್ಮ ಮಂಡಕ್ಕಿ ಮಿರ್ಚಿ ತಂದಿಟ್ಟರು, ತಿನ್ನುತ್ತಲೇ ಇಬ್ಬರೂ ನಂಬರ್ ಹಾಕಿ ನೋಡಿದೆವು. 2018ರ ಗಾಡಿ ಎಲ್ಲ ವರ್ಷವೂ ಪಾಸು. ಆದರೆ ಹಿಂದಿನ ಟೈರ್ ಸವೆಯುತ್ತಿದೆ ಅಂತ ಒಂದು ವರ್ಷ ಅಡ್ವೈಸರಿ, ಮರುವರ್ಷವೂ ಅದೇ ಟೈರ್ ಮಿತಿಗೆ ಹತ್ತಿರ ಬಂದಿದೆ ಅಂತ, ಜೊತೆಗೆ ಮುಂದಿನ ಬ್ರೇಕ್ ಪ್ಯಾಡ್ ತೆಳುವಾಗಿದೆ ಅಂತ. ಅದರ ಮುಂದಿನ ವರ್ಷ ಗಾಡಿ ಹೆಚ್ಚೂಕಡಿಮೆ ಓಡಿಯೇ ಇಲ್ಲ, ಮೈಲಿ ಅಲ್ಲೇ ನಿಂತಿದೆ, ಸೈಲೆನ್ಸರ್ ತುಕ್ಕು ಹಿಡಿದಿದೆ ಅಂತ ಬರೆದಿದ್ದಾರೆ. ಹೇಳಿದ ಮಾತು ಕೇಳದ ಯಜಮಾನ, ಹೊರಗೆ ನೆನೆದ ಗಾಡಿ. 2014ರದ್ದು ಎರಡು ಸಲ ಫೇಲ್ ಆಗಿತ್ತು. ಒಮ್ಮೆ ಬಲ್ಬಿಗೆ, ಒಮ್ಮೆ ಟೈರಿಗೆ. ಎರಡೂ ಸಲ ಅದೇ ದಿನ ಸರಿಮಾಡಿಸಿ ಪಾಸು. ಒಮ್ಮೆ ಬಂದ ಅಡ್ವೈಸರಿ ಮರುವರ್ಷ ಕಾಣಲಿಲ್ಲ. ಮೈಲಿ ಪ್ರತಿ ವರ್ಷ ಒಂದೇ ಹದದಲ್ಲಿ ಏರಿದೆ. ಟೇಪ್ ಅಂಟಿಸಿದ್ದನ್ನೇ ನೋಡು ತಮ್ಮಾ ಅಂದೆ.

ಫೇಲ್ ಅನ್ನುವ ಅಕ್ಷರ ನೋಡಿ ಬೆಚ್ಚಬೇಡಿ. ಪರೀಕ್ಷೆಯಲ್ಲಿ ಫೇಲ್ ಅಂದರೆ ನಮ್ಮ ಮನೆಗಳಲ್ಲಿ ಮಾನ ಹೋದ ಹಾಗೆ. ಇಲ್ಲಿ ಹಾಗಲ್ಲ. ಫೇಲ್ ಆಗಿ ಅದೇ ದಿನ ಸರಿಯಾದ ಗಾಡಿ ಯಾರೋ ಕಾಳಜಿಯಿಂದ ನೋಡಿಕೊಂಡ ಗಾಡಿ. ಒಂದೇ ಅಡ್ವೈಸರಿ ವರ್ಷ ವರ್ಷ ಮರುಕಳಿಸಿದ ಗಾಡಿಯಿಂದ ದೂರ ಇರಿ.

ಬಹಳ ಜನ ಮೋಸ ಹೋಗುವುದು ಇನ್ನೊಂದು ಕಡೆ. ಎರಡು ವರ್ಷದ ಸ್ಕೂಟರ್, ಎಂಒಟಿ ಇತಿಹಾಸವೇ ಇಲ್ಲ, ಹಾಗಾದರೆ ಹೊಸದರ ಹಾಗೇ ಇರುತ್ತದೆ ಅಂದುಕೊಳ್ಳುತ್ತಾರೆ. ಮೊದಲ 3 ವರ್ಷ ಟೆಸ್ಟೇ ಇಲ್ಲ, ಇತಿಹಾಸ ಎಲ್ಲಿಂದ ಬರಬೇಕು? ಊಟ ತಲುಪಿಸುವ ಕೆಲಸಕ್ಕೆ ಹಗಲು ರಾತ್ರಿ ಓಡಿದ ಗಾಡಿಗಳು ಮೊದಲ ಎಂಒಟಿ ಬರುವ ಮುಂಚೆ ಮಾರಾಟಕ್ಕೆ ಬರುತ್ತವೆ. ಮೀಟರ್ ನೋಡಿ. ನೆನಪಿರಲಿ, ಅದು ಮೈಲಿ. 20,000 ಅಂದರೆ 32,000 ಕಿಲೋಮೀಟರ್. ಟಾಪ್ ಬಾಕ್ಸ್ ಕೂರಿಸಿದ ಗುರುತು, ಹ್ಯಾಂಡಲ್ ಮೇಲೆ ಫೋನ್ ಹೋಲ್ಡರ್ ಉಜ್ಜಿದ ಗುರುತು ನೋಡಿ. ಇನ್ನೊಂದು, ಟೆಸ್ಟಿನಲ್ಲಿ ಎಂಜಿನ್ ಬಿಚ್ಚುವುದಿಲ್ಲ. ಒಳಗಿನ ಡ್ರೈವ್ ಬೆಲ್ಟ್ ಹರಿಯುವ ಹಂತದಲ್ಲಿದ್ದರೂ ಗಾಡಿ ಪಾಸಾಗಬಹುದು. ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ, ಬಿಲ್ ತೋರಿಸಲಿ.

ಈ ಊಟದ ಡೆಲಿವರಿ ವಿಷಯ ಬಂದದ್ದಕ್ಕೆ ಓದಲು ಹೋಗುವವರಿಗೆ ಕೈಮುಗಿದು ಹೇಳುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. ಆ್ಯಪ್ ಡೆಲಿವರಿ ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತದೆ. ಬೇರೆಯವರ ಅಕೌಂಟ್ ಬಾಡಿಗೆಗೆ ತಗೊಂಡು ಓಡಿಸು ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಸಾಮಾನ್ಯ ಇನ್ಶೂರೆನ್ಸ್ ಆ ಕೆಲಸಕ್ಕೆ ನಡೆಯುವುದೂ ಇಲ್ಲ. ಹೊಲ ಅಡ ಇಟ್ಟು ಕಳಿಸಿದ ಅಪ್ಪ ಅಮ್ಮನ ಮುಖ ನೆನಪಿಟ್ಟುಕೊಳ್ಳಿ.

ಗಾಡಿ ಕೊಂಡ ಮೇಲೆ ಊರಿನ ಶೋಕಿ ಅಲ್ಲಿ ಬೇಡ. ನಂಬರ್ ಪ್ಲೇಟಿನಲ್ಲಿ ಅಕ್ಷರದ ಆಕಾರ, ಅಂತರ ಎಲ್ಲಕ್ಕೂ ನಿಯಮ ಇದೆ, ಹೆಸರು ಬರೆಸಿದರೆ ಫೇಲ್. ರಾಗ ಹಾಡುವ ಹಾರ್ನ್ ಹಾಕಿದರೂ ಫೇಲ್. ರಸ್ತೆಗಲ್ಲದ ರೇಸಿನ ಸೈಲೆನ್ಸರ್ ಹಾಕಿದರೂ ಅಷ್ಟೇ.

ಚಳಿಗಾಲ ಶುರುವಾದರೆ ಹಿಮ ಕಟ್ಟಬಾರದು ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ನಮ್ಮ ಬಯಲುಸೀಮೆಯ ಧೂಳು ಗಾಡಿಯನ್ನು ಮಾಸಿಸುತ್ತದೆ, ಆದರೆ ಈ ಉಪ್ಪು ಕಬ್ಬಿಣವನ್ನೇ ತಿನ್ನುತ್ತದೆ. ಬ್ರೇಕ್ ಕ್ಯಾಲಿಪರ್ ಬಿಗಿಯುವುದು, ಸೈಲೆನ್ಸರ್ ಜಾಯಿಂಟ್ ತೂತಾಗುವುದು ಇದರಿಂದಲೇ. ವಾರಕ್ಕೊಮ್ಮೆಯಾದರೂ ನೀರು ಹೊಡೆದು ತೊಳೆಯಿರಿ, ಮೇಲೊಂದು ಕವರ್ ಹಾಕಿ. ಅಲ್ಲಿಯ ನಮ್ಮ ಮನೆಯಲ್ಲಿ ಆಯುಧಪೂಜೆ ದಿನ ಇದಕ್ಕೊಂದು ಕ್ರಮ ಮಾಡಿಕೊಂಡಿದ್ದೇವೆ. ಚಳಿಗೆ ಸರಿಯಾಗಿ ಮುಂಚೆ ಬರುವ ಹಬ್ಬ. ತೊಳೆದು, ಕುಂಕುಮ ಹಚ್ಚುವ ಮೊದಲು ಟೈರ್, ಬ್ರೇಕ್, ಲೈಟ್, ಕೋನ್ ಸೆಟ್ ಎಲ್ಲ ನೋಡುತ್ತೇವೆ. ಮಗಳು ಹಿಂದೆ ನಿಂತು ಬ್ರೇಕ್ ಲೈಟ್ ಹತ್ತಿತಾ ಅಂತ ಹೇಳುತ್ತಾಳೆ. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು.

ಅವಳಿಗೆ ಸ್ಕೂಟರ್ ಅಂದರೆ ಅಷ್ಟೇ, ಅಪ್ಪ ಕೆಲಸಕ್ಕೆ ಹೋಗುವ ಗಾಡಿ. ಎಲ್ ಬೋರ್ಡಿನವರು ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ. ಒಂದು ಬದಿಗೆ ಕಾಲು ಹಾಕಿ ಕೂರುವುದಂತೂ ಕಾನೂನಿಗೇ ವಿರುದ್ಧ. ನಾವು ಬೆಳೆದದ್ದು ಹಾಗಲ್ಲ. ಅಪ್ಪನ ಮುಂದೆ ನಿಂತು ಹ್ಯಾಂಡಲ್ ಹಿಡಿದು, ಹಿಂದೆ ಅಮ್ಮ, ನಡುವೆ ತಂಗಿ, ಸಂಜೆ ದುಗ್ಗಮ್ಮನ ಗುಡಿಗೆ ಹೋಗಿ ಬರುತ್ತಾ ಬೆಣ್ಣೆ ದೋಸೆ ತಿಂದು ಮನೆ ಸೇರಿದವರು ನಾವು. ಅದು ಅಪಾಯವೇ, ನನಗೆ ಗೊತ್ತು, ಮಗಳನ್ನು ಹಾಗೆ ನಿಲ್ಲಿಸಿಕೊಂಡು ಓಡಿಸುವುದಿಲ್ಲ. ಆದರೂ ಆ ಖುಷಿ ಅವಳಿಗೆ ಸಿಗಲಿಲ್ಲ ಅನ್ನುವ ನೋವು ಹೋಗುವುದಿಲ್ಲ.

ಇನ್ನೊಂದು ಕಳೆದುಕೊಳ್ಳುವುದು ಮೆಕ್ಯಾನಿಕ್ ಜೊತೆಗಿನ ಸಲಿಗೆಯನ್ನು. ದಾವಣಗೆರೆಯಲ್ಲಿ ದಾರಿಯಲ್ಲಿ ಎದುರು ಸಿಕ್ಕರೂ "ಸದ್ದು ಬರ್ತಿದೆ, ನಾಳೆ ಬಿಡಿ ಸಾರ್" ಅನ್ನುತ್ತಾನೆ. ಅಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಕೂಲಿ ಗಂಟೆ ಲೆಕ್ಕದಲ್ಲಿ, ಬಹಳ ಜಾಸ್ತಿ. ಅದಕ್ಕೇ ಹೊರಡುವ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಗ್ಯಾರೇಜಿಗೆ ಹೋಗಿ. ಬ್ರೇಕ್ ಶೂ ಬದಲಾಯಿಸುವುದು, ಬಲ್ಬ್ ಹಾಕುವುದು, ಕೇಬಲ್ ಟೈಟ್ ಮಾಡುವುದು ಕಲಿಸು ಅನ್ನಿ. ಪ್ರೀತಿಯಿಂದ ಕಲಿಸುತ್ತಾನೆ.

ಅಕಸ್ಮಾತ್ ಫೇಲ್ ಆದರೆ ಏನು ಮಾಡಬೇಕು? ಗಾಡಿಯನ್ನು ಅಲ್ಲೇ ಬಿಟ್ಟು ರಿಪೇರಿ ಮಾಡಿಸಿ 10 ಕೆಲಸದ ದಿನದೊಳಗೆ ಮರುಪರೀಕ್ಷೆ ಮಾಡಿಸಿದರೆ ಮತ್ತೆ ಶುಲ್ಕ ಇಲ್ಲ. ಹಳೇ ಎಂಒಟಿ ಇನ್ನೂ ಚಾಲ್ತಿಯಲ್ಲಿದ್ದು, ಅಪಾಯಕಾರಿ ದೋಷ ಇಲ್ಲದಿದ್ದರೆ ಮಾತ್ರ ಓಡಿಸಿಕೊಂಡು ಹೋಗಬಹುದು. ಹಾಗಾಗಿ ಕೊನೇ ದಿನದ ತನಕ ಕಾಯಬೇಡಿ, ಎರಡು ಮೂರು ವಾರ ಮುಂಚೆಯೇ ಬುಕ್ ಮಾಡಿ.

ಗಾಡಿ ಇಷ್ಟವಾಗಿ ಗೊಂದಲ ಆದರೆ ನಂಬರ್ ಕಳಿಸಿ, ಇಬ್ಬರೂ ಕೂತು ಅಡ್ವೈಸರಿ ಓದೋಣ. ಮುಂಗಡ ಕೊಡುವ ಮೊದಲು ಕಳಿಸಿ.