ಅಲ್ಲಿ ನಿಂತು ನೋಡಿದವರು ಯಾರು? ಅಂತಾರಾಷ್ಟ್ರೀಯ ಪತ್ರಿಕೋದ್ಯಮ ಓದಿದ ನನ್ನ ಅನುಭವ

ಕೋರ್ಸ್ ಶುರುವಾದ ಎರಡನೇ ವಾರ ನಮ್ಮ ಪ್ರಾಧ್ಯಾಪಕಿ ಎಲ್ಲರ ಕೈಗೂ ಮೂರು ಪೆನ್ನು ಕೊಟ್ಟರು. ಹಸಿರು, ನೀಲಿ, ಕೆಂಪು. ಜೊತೆಗೆ ಅಂದಿನ ಪತ್ರಿಕೆಯ ವಿದೇಶ ಪುಟ. ವರದಿಗಾರ ಸ್ವತಃ ಕಣ್ಣಾರೆ ಕಂಡು ಬರೆದ ವಾಕ್ಯದ ಕೆಳಗೆ ಹಸಿರು ಗೆರೆ, ಯಾರೋ ಅವನಿಗೆ ನೇರವಾಗಿ ಹೇಳಿದ್ದಕ್ಕೆ ನೀಲಿ, ಮತ್ತೊಂದು ವರದಿಯಿಂದಲೋ ಸುದ್ದಿಸಂಸ್ಥೆಯಿಂದಲೋ ಸರ್ಕಾರಿ ಪ್ರಕಟಣೆಯಿಂದಲೋ ಎತ್ತಿಕೊಂಡದ್ದಕ್ಕೆ ಕೆಂಪು. ಒಂದು ಗಂಟೆ ಕಳೆಯುವಷ್ಟರಲ್ಲಿ ನನ್ನ ಪುಟ ಕೆಂಪಾಗಿತ್ತು. ನೀಲಿ ಅಲ್ಲೊಂದು ಇಲ್ಲೊಂದು. ಹಸಿರು ಎರಡೇ ಕಡೆ. "ಆ ಎರಡು ವಾಕ್ಯ ಬರೆಯೋದು ಹೇಗೆ ಅಂತ ಕಲಿಯೋಕೆ ನೀವಿಲ್ಲಿ ಬಂದಿದ್ದೀರಿ" ಎಂದರು ಅವರು.

ನಾನು ಬಂದಿದ್ದು ಬೇರೆ ಕಾರಣಕ್ಕೆ. ವಿದೇಶಾಂಗ ನೀತಿ, ಶೃಂಗಸಭೆ, ಒಪ್ಪಂದ ಇವೇ ಅಂತಾರಾಷ್ಟ್ರೀಯ ಪತ್ರಿಕೋದ್ಯಮ ಎಂದುಕೊಂಡಿದ್ದೆ. ಅವನ್ನೂ ಕಲಿಸಿದರು, ಬೇಕಾದದ್ದೇ. ಆದರೆ ಎರಡು ವರ್ಷದ ಓದಿನಲ್ಲಿ ನನ್ನ ಕೆಲಸದ ರೀತಿಯನ್ನೇ ಬದಲಿಸಿದ್ದು ಒಂದು ಪ್ರಶ್ನೆ: ಅಲ್ಲಿ ನಿಂತು ನೋಡಿದವರು ಯಾರು? ಈಗಲೂ ಸುದ್ದಿಮನೆಯ ಸಂಪಾದನಾ ಡೆಸ್ಕ್‌ನಲ್ಲಿ ವರದಿಯ ಕಾಪಿ ತೆರೆದಾಗ ಮೊದಲು ಹುಡುಕುವುದು ಅದನ್ನೇ.

ಪುಟ ಅಷ್ಟು ಕೆಂಪಾಗಲು ಹಳೆಯ ಕಾರಣಗಳಿವೆ. 1835ರಲ್ಲಿ ಪ್ಯಾರಿಸ್‌ನಲ್ಲಿ ಹವಾಸ್, 1846ರಲ್ಲಿ ನ್ಯೂಯಾರ್ಕ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್, 1851ರಲ್ಲಿ ಲಂಡನ್‌ನಲ್ಲಿ ರಾಯಿಟರ್ಸ್ ಎಂಬ ಸುದ್ದಿಸಂಸ್ಥೆಗಳು ಹುಟ್ಟಿದವು. 1870ರಲ್ಲಿ ಹವಾಸ್, ರಾಯಿಟರ್ಸ್ ಮತ್ತು ಬರ್ಲಿನ್‌ನ ವೂಲ್ಫ್ ಸಂಸ್ಥೆಗಳು ಕೂತು ಜಗತ್ತನ್ನೇ ಹಂಚಿಕೊಂಡವು: ಈ ಸೀಮೆಯ ಸುದ್ದಿ ನಿಮ್ಮದು, ಆ ಸೀಮೆಯದು ನಮ್ಮದು ಎಂದು. ಒತ್ತಟ್ಟಿಗೇ ಇದ್ದ ಎರಡು ದೇಶಗಳು ಪರಸ್ಪರರ ಸುದ್ದಿಯನ್ನು ಮೂರನೆಯ ಖಂಡದ ಕಚೇರಿಯ ಮೂಲಕ ಓದುವ ಪರಿಸ್ಥಿತಿ ಬಂದದ್ದು ಹೀಗೆ. ಒಪ್ಪಂದ ಯಾವಾಗಲೋ ಹೋಯಿತು, ದಾರಿ ಸವೆದು ಉಳಿಯಿತು. ಷಾನ್ ಮ್ಯಾಕ್‌ಬ್ರೈಡ್ ಅಧ್ಯಕ್ಷತೆಯ ಆಯೋಗ 1980ರಲ್ಲಿ ಯುನೆಸ್ಕೋಗೆ ಕೊಟ್ಟ ವರದಿಯ ದೊಡ್ಡ ತಕರಾರೇ ಸುದ್ದಿಯ ಈ ಒಮ್ಮುಖ ಹರಿವು. ಹಾಗೆಂದು ಸುದ್ದಿಸಂಸ್ಥೆಗಳನ್ನು ದೂರಲು ನನಗೆ ಮನಸ್ಸಿಲ್ಲ. ಎಷ್ಟೋ ಕಡೆ ಅವರ ವರದಿಗಾರ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಆದರೆ ಆ ಒಬ್ಬನ ಕಣ್ಣಿಗೆ ಬಿದ್ದದ್ದಷ್ಟೇ ಸಾವಿರ ಪತ್ರಿಕೆಗಳಿಗೆ ಹೋಗುತ್ತದೆ ಎಂಬುದು ಡೆಸ್ಕ್‌ನಲ್ಲಿ ಕೂತವರಿಗೆ ಗೊತ್ತಿರಬೇಕು.

ಯಾವುದು ಸುದ್ದಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದಕ್ಕೆ 1965ರಲ್ಲಿ ನಾರ್ವೆಯ ಸಂಶೋಧಕರಾದ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಬರೆದ ಪ್ರಬಂಧವನ್ನು ಓದಿಸಿದರು. ಕಾಂಗೋ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳನ್ನು ನಾರ್ವೆಯ ನಾಲ್ಕು ಪತ್ರಿಕೆಗಳು ಹೇಗೆ ವರದಿ ಮಾಡಿದವು ಎಂದು ನೋಡಿ ಹನ್ನೆರಡು ಅಂಶಗಳನ್ನು ಅವರು ಮುಂದಿಟ್ಟಿದ್ದರು. ಪ್ರಬಲ ದೇಶ, ಪ್ರಬಲ ವ್ಯಕ್ತಿ, ಕೆಟ್ಟ ಸುದ್ದಿ, ಥಟ್ಟನೆ ಆಗಿ ಮುಗಿಯುವ ಘಟನೆ ಇವಕ್ಕೆ ಮೊದಲ ಮಣೆ. ನಿಧಾನವಾಗಿ ಒಣಗುವ ಕೆರೆ ಸುದ್ದಿಯಲ್ಲ, ಒಂದೇ ರಾತ್ರಿ ಒಡೆದ ಅಣೆಕಟ್ಟು ಸುದ್ದಿ. ಪರೀಕ್ಷೆಗೆಂದು ಓದಿದ್ದರಲ್ಲಿ ಇಷ್ಟು ವರ್ಷ ಕೈಹಿಡಿದದ್ದು ಇದೊಂದೇ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಅದೇ ಮುಖ್ಯ. ಗ್ಯಾರೆತ್ ಜೋನ್ಸ್ ಬಗ್ಗೆ ಒಂದು ಇಡೀ ತರಗತಿ ನಡೆಯಿತು. ವೇಲ್ಸ್‌ನ ಪತ್ರಕರ್ತ, ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿತಿದ್ದ. 1933ರ ಮಾರ್ಚ್‌ನಲ್ಲಿ ಮಾಸ್ಕೋದಿಂದ ಹಾರ್ಕಿವ್ ಕಡೆಗೆ ರೈಲು ಹತ್ತಿ, ನಡುವೆ ಇಳಿದು ಉಕ್ರೇನಿನ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದ. ರೈತರ ಮನೆಯಲ್ಲಿ ಮಲಗಿ, ಅವರ ಬಾಯಿಂದಲೇ ಕೇಳಿ, ಬರ್ಲಿನ್‌ಗೆ ಬಂದು ಅಲ್ಲಿ ಬರಗಾಲವಿದೆ ಎಂದು ಹೇಳಿದ. ಎರಡು ದಿನದಲ್ಲೇ ಮಾಸ್ಕೋದಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ವರದಿಗಾರ ವಾಲ್ಟರ್ ಡುರಾಂಟಿ ಅದನ್ನು ಅಲ್ಲಗಳೆದು ಬರೆದ. ಡುರಾಂಟಿಗೆ ಅದಕ್ಕೂ ಹಿಂದಿನ ವರ್ಷವಷ್ಟೇ ಅಮೆರಿಕದ ದೊಡ್ಡ ಪತ್ರಿಕಾ ಪ್ರಶಸ್ತಿ ಪುಲಿಟ್ಜರ್ ಬಂದಿತ್ತು. ಹೆಸರಿದ್ದವನ ಮಾತು ನಿಂತಿತು, ನಡೆದು ನೋಡಿದವನ ಮಾತು ಬಿತ್ತು. ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅಂದು ಸಂಜೆ ಗ್ರಂಥಾಲಯದಲ್ಲಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮರುದಿನ ಐಚ್ಛಿಕ ವಿಷಯವನ್ನು ಬದಲಾಯಿಸಿಕೊಂಡು ಅರಬ್ಬಿ ತರಗತಿಗೆ ಸೇರಿದೆ.

ಒಂದು ವರ್ಷದ ಅರಬ್ಬಿಯಲ್ಲಿ ಸಂದರ್ಶನ ಮಾಡಲಾಗುವುದಿಲ್ಲ. ನನ್ನ ಅಂತಿಮ ಪ್ರಾಜೆಕ್ಟ್‌ಗೆ ಸಿರಿಯಾದಿಂದ ಬಂದ ಒಬ್ಬ ಹಿರಿಯರನ್ನು ಮಾತಾಡಿಸಬೇಕಿತ್ತು, ದುಭಾಷಿಯನ್ನು ಕರೆದುಕೊಂಡು ಹೋದೆ. ಎರಡು ಗಂಟೆ ಮಾತು. ನಾನು ಮಾಡಿದ ಮೊದಲ ತಪ್ಪು, ದುಭಾಷಿಯ ಮುಖ ನೋಡಿಕೊಂಡು "ಅವರು ಊರು ಯಾಕೆ ಬಿಟ್ಟರು, ಕೇಳಿ" ಎಂದದ್ದು. ಹಿರಿಯರ ಕಣ್ಣು ನೋಡಿ "ನೀವು ಊರು ಯಾಕೆ ಬಿಟ್ಟಿರಿ?" ಎನ್ನಬೇಕು. ದುಭಾಷಿಯೂ "ಅವರು ಹೀಗಂತಾರೆ" ಎನ್ನದೆ "ನಾನು" ಎಂದೇ ಅನುವಾದಿಸಬೇಕು. ಎರಡನೆಯ ತಪ್ಪು, ಅರ್ಧ ಗಂಟೆಗೊಮ್ಮೆಯಾದರೂ ದುಭಾಷಿಗೆ ಬಿಡುವು ಕೊಡದೇ ಇದ್ದದ್ದು. ದಣಿದ ದುಭಾಷಿ ಪೂರ್ತಿ ಮಾತನ್ನು ಹೇಳುವುದಿಲ್ಲ, ಸಾರಾಂಶ ಹೇಳುತ್ತಾನೆ. ನನ್ನ ನೋಟ್‌ಬುಕ್‌ನಲ್ಲಿ ಹೀಗಿತ್ತು: "ಆ ರಾತ್ರಿ ನಾವು ಊರು ಬಿಟ್ಟೆವು."

ಪುಣ್ಯಕ್ಕೆ, ಅವರ ಒಪ್ಪಿಗೆ ಕೇಳಿ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದೆ. ಧ್ವನಿಯನ್ನು ಬೇರೊಬ್ಬ ಅರಬ್ಬಿ ಬಲ್ಲವರಿಗೆ ಕೇಳಿಸಿ ತಾಳೆ ನೋಡುವುದು ವಿಭಾಗದ ಕಡ್ಡಾಯ ನಿಯಮ. ಅವರು ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದರು. "ಇವರು ‘ತ್ಲಅನಾ’ ಅಂತಿಲ್ಲ, ‘ತಲ್ಲಊನಾ’ ಅಂತಿದ್ದಾರೆ" ಎಂದರು. ಮೊದಲನೆಯದು ‘ಹೊರಟೆವು’. ಎರಡನೆಯದು ‘ನಮ್ಮನ್ನು ಹೊರಡಿಸಿದರು’. ನಮ್ಮಲ್ಲಿ ‘ಬಿಟ್ಟೆವು’ ಮತ್ತು ‘ಬಿಡಿಸಿದರು’ ನಡುವೆ ಎಷ್ಟು ಅಂತರವೋ ಅಷ್ಟೇ. ಒಂದರಲ್ಲಿ ವಲಸೆ ಇದೆ, ಇನ್ನೊಂದರಲ್ಲಿ ಅಪರಾಧವಿದೆ, ಅಪರಾಧಿ ಇದ್ದಾನೆ. ನನ್ನ ಇಡೀ ಲೇಖನದ ಮೊದಲ ಸಾಲೇ ತಪ್ಪಾಗಿತ್ತು. ಆವತ್ತಿನಿಂದ ಅನುವಾದಿತ ಹೇಳಿಕೆಯನ್ನು ಇಬ್ಬರ ಕಿವಿಗೆ ಹಾಕದೆ ನಾನು ಅಚ್ಚಿಗೆ ಕೊಟ್ಟಿಲ್ಲ.

ಪರಿಶೀಲನೆಯ ತರಗತಿಯಲ್ಲೂ ಹೀಗೇ ಒಂದು ಪಾಠ ಸಿಕ್ಕಿತು. ಒಂದು ರಸ್ತೆಯ ಸಣ್ಣ ವಿಡಿಯೊ ಕೊಟ್ಟು ಎಲ್ಲಿಯದು, ಯಾವಾಗಿನದು ಹೇಳಿ ಎಂದರು. ಮೊದಲ ಕೆಲಸ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ, ಪ್ರತಿ ಚಿತ್ರವನ್ನೂ ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿ, ಇದು ಹಿಂದೆ ಎಲ್ಲಾದರೂ ಬಂದಿದೆಯೇ ಎಂದು ನೋಡುವುದು. ಏನೂ ಸಿಗಲಿಲ್ಲ. ಅಂಗಡಿಯ ಬೋರ್ಡ್‌ನಲ್ಲಿ ‘ಗ’ ಧ್ವನಿಯ ಅಕ್ಷರ ಕಂಡಿತು. ಅರಬ್ಬಿ ವರ್ಣಮಾಲೆಯಲ್ಲಿ ಅದಿಲ್ಲ, ಪರ್ಷಿಯನ್‌ನಲ್ಲಿದೆ. ನಾನು ತಕ್ಷಣ "ಇದು ಇರಾನ್" ಎಂದೆ. ಪ್ರಾಧ್ಯಾಪಕಿ ತಲೆಯಾಡಿಸಿದರು: ಇರಾಕ್‌ನ ಆಡುಮಾತಿನಲ್ಲೂ ‘ಗ’ ಇದೆ, ಅಲ್ಲಿನ ಬೋರ್ಡ್‌ಗಳಲ್ಲೂ ಆ ಅಕ್ಷರ ಬರೆಯುತ್ತಾರೆ. ಒಂದು ಸುಳಿವು ಸುಳಿವಷ್ಟೇ. ಆಮೇಲೆ ಬೋರ್ಡ್‌ನ ಕೆಳಗಿದ್ದ ಫೋನ್ ನಂಬರನ್ನು ದೊಡ್ಡದು ಮಾಡಿ ನೋಡಿದೆವು. ನಾಲ್ಕು, ಐದು, ಆರು ಈ ಮೂರು ಅಂಕಿಗಳನ್ನು ಪರ್ಷಿಯನ್‌ನಲ್ಲಿ ಅರಬ್ಬಿಗಿಂತ ಬೇರೆ ರೀತಿ ಬರೆಯುತ್ತಾರೆ. ನಂಬರ್‌ನಲ್ಲಿದ್ದ ನಾಲ್ಕು ಮತ್ತು ಆರು ಪರ್ಷಿಯನ್ ರೂಪದಲ್ಲೇ ಇದ್ದವು. ನನ್ನ ಉತ್ತರ ಕೊನೆಗೆ ಸರಿಯಾಯಿತು, ಆದರೆ ಮೊದಲು ಹೇಳಿದಾಗ ಅದನ್ನು ಹೇಳುವ ಹಕ್ಕು ನನಗಿರಲಿಲ್ಲ. ಬಳಿಕ ಉಪಗ್ರಹ ಚಿತ್ರದಲ್ಲಿ ಗುಡ್ಡದ ಅಂಚನ್ನೂ ರಸ್ತೆಯ ತಿರುವನ್ನೂ ಹೊಂದಿಸಿ, ಕಂಬದ ನೆರಳಿನ ದಿಕ್ಕು ಮತ್ತು ಉದ್ದದಿಂದ ಹೊತ್ತನ್ನು ಲೆಕ್ಕ ಹಾಕಿದೆವು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೆಲವೇ ಸೆಕೆಂಡಿನ ವಿಡಿಯೊಗೆ ಇಷ್ಟು ಹೊತ್ತು ಕೊಡಲು ಸುದ್ದಿಮನೆಗಳಿಗೆ ಪುರುಸೊತ್ತಿಲ್ಲ ಎಂಬುದು ಗೊತ್ತು. ಹಾಗಿದ್ದರೆ ಪ್ರಕಟಿಸುವ ಆತುರವೂ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಣ್ಣದೆಂದು ಕಂಡರೂ ದಿನವೂ ಕಾಡುವ ಎರಡು ಸಂಗತಿಗಳನ್ನು ಹೇಳಬೇಕು. ಒಂದು ಸಮಯ. ‘ನಿನ್ನೆ ರಾತ್ರಿ’ ಎಂದರೆ ಯಾರ ರಾತ್ರಿ? ಘಟನೆ ನಡೆದ ಜಾಗದ ಹೊತ್ತನ್ನೂ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಹೊತ್ತನ್ನೂ ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆದುಕೊಳ್ಳುವ ಅಭ್ಯಾಸ ಆಗಿನಿಂದ ಬಂತು. ಇನ್ನೊಂದು ಹೆಸರು. ಇಂಗ್ಲಿಷ್ ಅಕ್ಷರ ನೋಡಿಕೊಂಡು ಕನ್ನಡಕ್ಕೆ ತಂದರೆ ಚೀನಾದ ಅಧ್ಯಕ್ಷರು ‘ಕ್ಸಿ’ ಆಗುತ್ತಾರೆ, ಉಕ್ರೇನಿನ ರಾಜಧಾನಿ ‘ಕೈವ್’ ಆಗುತ್ತದೆ. ಆ ಭಾಷೆಯವರು ಹೇಳುವುದನ್ನು ಒಮ್ಮೆ ಕಿವಿಯಿಂದ ಕೇಳಿದರೆ ‘ಶಿ’ ಎಂದೂ ‘ಕೀವ್’ ಎಂದೂ ಬರೆಯುತ್ತೇವೆ. ಬಹುತೇಕ ಧ್ವನಿಗಳನ್ನು ಹಿಡಿಯಬಲ್ಲ ಲಿಪಿ ನಮ್ಮದು, ಅದನ್ನು ಮೂರನೆಯವರ ಕಾಗುಣಿತಕ್ಕೆ ಅಡವಿಡುವುದು ನನಗೆ ಸಹಿಸುವುದಿಲ್ಲ.

ಸುರಕ್ಷತಾ ತರಬೇತಿ ನಾಲ್ಕು ದಿನ ನಡೆಯಿತು. ಸಶಸ್ತ್ರ ಸಂಘರ್ಷದ ಪ್ರದೇಶದಲ್ಲಿ ಕೆಲಸ ಮಾಡುವ ಪತ್ರಕರ್ತರನ್ನು ನಾಗರಿಕರೆಂದೇ ಕಾಣಬೇಕೆಂದು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 79ನೇ ವಿಧಿ ಹೇಳುತ್ತದೆ. ಅದನ್ನು ಬೆಳಿಗ್ಗೆ ಓದಿದೆವು. ಮಧ್ಯಾಹ್ನ ಒಬ್ಬರ ತೊಡೆಗೆ ಇನ್ನೊಬ್ಬರು ರಕ್ತ ಸೋರುವುದನ್ನು ತಡೆಯುವ ಟೂರ್ನಿಕೆ ಪಟ್ಟಿ ಬಿಗಿದು, ಬಿಗಿದ ಸಮಯವನ್ನು ಮಾರ್ಕರ್‌ನಿಂದ ಬರೆಯುವುದನ್ನು ಕಲಿತೆವು. ಫಿಕ್ಸರ್‌ಗಳ ಮಾತು ಬಂದದ್ದೂ ಆಗಲೇ: ದಾರಿ ತೋರಿಸಿ, ಮಾತು ತಿಳಿಸಿ, ಅಪಾಯದಿಂದ ನಮ್ಮನ್ನು ಪಾರುಮಾಡುವ ಸ್ಥಳೀಯ ಪತ್ರಕರ್ತ. ವಿದೇಶಿ ವರದಿಗಾರ ವಿಮಾನ ಹತ್ತಿದ ಮೇಲೂ ಅವನು ಅಲ್ಲೇ ಇರುತ್ತಾನೆ. ಅವನಿಗೆ ವಿಮೆ ಇದೆಯೇ, ವರದಿಯ ಮೇಲೆ ಹೆಸರು (ಬೈಲೈನ್) ಬೇಕೇ, ಬೇಡವೇ ಎಂದು ಹೊರಡುವ ಮೊದಲೇ ಕೇಳಿ ಎಂದರು. ಬೇಡ ಎನ್ನುವುದಕ್ಕೂ ಅವನಿಗೆ ಬಲವಾದ ಕಾರಣಗಳಿರುತ್ತವೆ.

ಆ ಹಿರಿಯರ ಕಥೆ ಇನ್ನೂ ಮುಗಿದಿರಲಿಲ್ಲ. ಲೇಖನ ವಿಭಾಗದ ಪತ್ರಿಕೆಗೆ ಹೋಗುವ ಮೊದಲು ಅವರ ಮಾತುಗಳನ್ನು ಅವರಿಗೇ ಓದಿ ಹೇಳಲು ಮತ್ತೆ ಹೋದೆ. ‘ಹೊರಡಿಸಿದರು’ ಎಂದು ತಿದ್ದಿದ ಸಾಲು ಬಂದಾಗ ತಲೆದೂಗಿದರು. ಹಳ್ಳಿಯ ಹೆಸರು ಬಂದಾಗ ಸುಮ್ಮನಾದರು. ಬಳಿಕ, ತಮ್ಮ ಇನ್ನೂ ಅಲ್ಲೇ ಇದ್ದಾನೆ ಎಂದರು. ಮೊದಲ ಸಲ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ನನ್ನ ಚೀಲದಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಹಳ್ಳಿಯ ಹೆಸರು, ಅವರ ಹೆಸರು, ಅವರು ಮಾಡುತ್ತಿದ್ದ ಕೆಲಸ ಮೂರನ್ನೂ ಲೇಖನದಿಂದ ತೆಗೆದೆ. ಲೇಖನ ತೆಳುವಾಯಿತು, ಅಂಕವೂ ಕಡಿಮೆ ಬರಬಹುದು ಎಂದುಕೊಂಡೆ.

ತಿದ್ದುವಾಗ ಮೊದಲ ದಿನದ ನೋಟ್‌ಬುಕ್ ಮತ್ತೆ ತೆರೆದೆ. "ಊರು ಬಿಟ್ಟೆವು" ಎಂಬ ಸಾಲಿನ ಪಕ್ಕದ ಅಂಚಿನಲ್ಲಿ ನನ್ನದೇ ಕೈಬರಹವಿತ್ತು: "ಹೇಳುವಾಗ ಬಲಗೈಯನ್ನು ಎದೆಯ ಹತ್ತಿರದಿಂದ ಜೋರಾಗಿ ಹೊರಕ್ಕೆ ತಳ್ಳಿದರು." ಕಂಡದ್ದನ್ನು ಬರೆದುಕೊಂಡಿದ್ದೆ, ಅದು ಏನು ಹೇಳುತ್ತಿದೆ ಎಂದು ಕೇಳಿರಲಿಲ್ಲ. ಆ ಸಾಲನ್ನು ಹಾಗೆಯೇ ಲೇಖನದ ಮೊದಲಿಗೆ ತಂದಿಟ್ಟೆ. ಪ್ರಾಧ್ಯಾಪಕಿ ಹಿಂದಿರುಗಿಸಿದ ಪ್ರತಿಯಲ್ಲಿ ನೀಲಿ ಗೆರೆಗಳು ತುಂಬ ಇದ್ದವು, ಕೆಂಪು ಕೆಲವು. ಹಸಿರು ಗೆರೆ ಒಂದೇ, ಆ ಕೈಯ ಸಾಲಿನ ಕೆಳಗೆ.