ಮಧುರಕಂಠ ಯಾರ ಸಂಬಂಧಿ? ಲ್ಯಾಪ್‌ಟಾಪ್ ಇದ್ದರೆ ನೀವೇ ಹುಡುಕಿ

ಶಿರಸಿ ಕಡೆ ತೋಟ, ಬೆಟ್ಟ ಸುತ್ತುವವರಿಗೆ ಈ ಮೂರು ಹಕ್ಕಿ ಹೊಸದೇನಲ್ಲ. ಒಂದು ಮಧುರಕಂಠ. ಹಳದಿ ಮಿಶ್ರಿತ ಹಸಿರು ಮೈ, ಗುಬ್ಬಚ್ಚಿಯಷ್ಟೇ ಗಾತ್ರ, ಗೂಡಿಗೆ ಹೊರಗಿನಿಂದ ಜೇಡರ ಬಲೆ ಸುತ್ತುತ್ತದೆ. ಇನ್ನೊಂದು ಎಲೆಹಕ್ಕಿ. ಅಚ್ಚ ಹಸಿರು, ಗಂಟಲು ಕಪ್ಪು, ಹೂ ಬಿಟ್ಟ ಮರ ಕಂಡರೆ ಬೇರೆಯವರನ್ನು ಹತ್ತಿರ ಬಿಡುವುದಿಲ್ಲ. ಮೂರನೆಯದು ಫೇರಿ ಬ್ಲೂಬರ್ಡ್. ಇದು ತೋಟದ ಗಿರಾಕಿ ಅಲ್ಲ. ದೇವಿಮನೆ ಘಟ್ಟದ ಕಾಡಲ್ಲಿ ಹಣ್ಣು ಬಿಟ್ಟ ಗೋಳಿ ಮರದ ಕೆಳಗೆ ಕಾಯಬೇಕು. ಗಂಡಿನ ಬೆನ್ನು ಹೊಳೆಯುವ ನೀಲಿ, ಕಣ್ಣು ಕೆಂಪು.

ಹಳೆಯ ಪಕ್ಷಿ ಪುಸ್ತಕಗಳಲ್ಲಿ ಈ ಮೂರೂ ಒಂದೇ ಕುಟುಂಬ. ನಿಜವಾಗಿ ಒಂದೇ ಮನೆಯವರಾ? ಡಿಎನ್‌ಎ ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ನಾನು ಮೊದಲು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಹಕ್ಕಿಗಳ ಡಿಎನ್‌ಎ ತೆಗೆಯುವ ಕೆಲಸದಲ್ಲಿದ್ದೆ. ಈಗ ಅಡಿಕೆ ತೋಟ. ಆದರೆ ಈ ಹುಚ್ಚು ಬಿಟ್ಟಿಲ್ಲ, ಯಾಕೆಂದರೆ ಇದಕ್ಕೆ ಲ್ಯಾಬೇ ಬೇಕಂತಿಲ್ಲ. ಪ್ರಪಂಚದ ಬೇರೆ ಬೇರೆ ಕಡೆ ಓದಿದ ಡಿಎನ್‌ಎ ಅಕ್ಷರಗಳೆಲ್ಲ ಜೆನ್‌ಬ್ಯಾಂಕ್ ಅನ್ನುವ ನೆಟ್ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ.

ಮೊದಲು ಹಕ್ಕಿಗಳ ಪಟ್ಟಿ ಮಾಡಿ. ನಮ್ಮ ಮೂರು ಇರಲಿ. ಅವುಗಳ ಜೊತೆ ಹೋಲಿಸಲು ಕಾಗೆ, ಕಾಜಾಣ, ವುಡ್‌ಶ್ರೈಕ್, ಪಿಕಳಾರ, ಮಡಿವಾಳ, ಸೂರಕ್ಕಿ, ಗುಬ್ಬಚ್ಚಿ ಸೇರಿಸಿ. ಕಾಗೆ ಹಾಡುಹಕ್ಕಿ ಅಂದರೆ ನಗಬೇಡಿ, ಲೆಕ್ಕದಲ್ಲಿ ಅದೂ ಹಾಡುಹಕ್ಕಿಯೇ. ಕೊನೆಗೆ ಹೊರಗಿನದೊಂದು ಬೇಕು. ಅದಕ್ಕೆ ನವರಂಗ ಸರಿ. ಅದು ಗುಬ್ಬಚ್ಚಿ, ಕಾಗೆಗಳ ಗಣಕ್ಕೇ ಸೇರಿದ್ದು, ಆದರೆ ಹಾಡುಹಕ್ಕಿಗಳ ಕವಲಿನಿಂದ ಹೊರಗೆ. ಡಿಎನ್‌ಎ ಹೋಲಿಸಿ ಕೊನೆಗೆ ನಾವು ಬರೆಯುವುದು ಇವುಗಳ ವಂಶವೃಕ್ಷ. ಆ ಮರದ ಬುಡ ಎಲ್ಲಿದೆ ಅಂತ ಗೊತ್ತಾಗುವುದೇ ಈ ಹೊರಗಿನವನಿಂದ. ಇದನ್ನು ಬಿಟ್ಟು ಮರ ಬರೆದರೆ ಯಾರು ಮೊದಲು ಕವಲೊಡೆದರು ಅಂತ ಹೇಳಲು ಬರುವುದಿಲ್ಲ.

ಆಮೇಲೆ ಯಾವ ಜೀನ್ ಅನ್ನುವ ಪ್ರಶ್ನೆ. ಎಲ್ಲರೂ ಎಡವುವುದು ಇಲ್ಲೇ. ಮೈಟೊಕಾಂಡ್ರಿಯಾದ ಎನ್‌ಡಿ2 ಜೀನ್ ಹಕ್ಕಿಗಳ ಅಧ್ಯಯನದಲ್ಲಿ ತುಂಬಾ ಬಳಕೆಯಲ್ಲಿದೆ. ಮೈಟೊಕಾಂಡ್ರಿಯಾ ಅಂದರೆ ಕೋಶಕ್ಕೆ ಶಕ್ತಿ ಕೊಡುವ ಭಾಗ, ಅದಕ್ಕೆ ತನ್ನದೇ ಡಿಎನ್‌ಎ ಇದೆ. ಉದ್ದ 1,041 ಅಕ್ಷರ. ಬೇಗ ಬದಲಾಗುವ ಜೀನ್ ಇದು. ಎರಡು ಎಲೆಹಕ್ಕಿ ಜಾತಿಗಳ ನಡುವಿನ ವ್ಯತ್ಯಾಸ ನೋಡಲು ಚೆನ್ನಾಗಿದೆ. ಆದರೆ ಕಾಗೆ ಮತ್ತು ಗುಬ್ಬಚ್ಚಿ ಬೇರೆಯಾದಷ್ಟು ಹಿಂದಕ್ಕೆ ಹೋದರೆ ಕಷ್ಟ. ಡಿಎನ್‌ಎ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಒಂದೇ ಜಾಗದಲ್ಲಿ ಎ ಇದ್ದದ್ದು ಜಿ ಆಗಿ, ಮತ್ತೆ ಎ ಆಗಿ, ನಡುವೆ ಏನಾಯಿತು ಅನ್ನುವ ಗುರುತೇ ಅಳಿಸಿಹೋಗಿರುತ್ತದೆ. ಪ್ರೋಟೀನ್‌ನ ಒಂದೊಂದು ಘಟಕಕ್ಕೆ ಮೂರು ಮೂರು ಅಕ್ಷರಗಳ ಗುಂಪು ಇರುತ್ತದೆ, ಅದೇ ಕೋಡಾನ್. ಅದರ ಮೂರನೇ ಅಕ್ಷರದಲ್ಲಿ ಇದು ಜಾಸ್ತಿ. ನಮ್ಮ ಪ್ರಶ್ನೆ ಹಳೆಯ ಕವಲಿನದು, ಅಲ್ವಾ? ಹಾಗಾಗಿ ನಿಧಾನ ಬದಲಾಗುವ, ಕೋಶಕೇಂದ್ರದಲ್ಲಿರುವ ರ‍್ಯಾಗ್-1 ಜೀನ್ ತೆಗೆದುಕೊಳ್ಳಿ. ಎನ್‌ಡಿ2 ಜೊತೆಗಿರಲಿ. ಎರಡಕ್ಕೂ ಬೇರೆ ಬೇರೆ ಮರ ಬರೆದು ಎದುರುಬದುರು ಇಟ್ಟು ನೋಡೋಣ.

ಜೆನ್‌ಬ್ಯಾಂಕ್ ಇರುವ ಎನ್‌ಸಿಬಿಐ ತಾಣದಲ್ಲಿ ನ್ಯೂಕ್ಲಿಯೊಟೈಡ್ ವಿಭಾಗ ಆರಿಸಿ, ಹಕ್ಕಿಯ ವೈಜ್ಞಾನಿಕ ಹೆಸರು, ಪಕ್ಕದಲ್ಲಿ ಜೀನ್ ಹೆಸರು ಹಾಕಿ ಹುಡುಕಿ. ಮಧುರಕಂಠಕ್ಕೆ ಏಜಿಥೈನಾ, ಎಲೆಹಕ್ಕಿಗೆ ಕ್ಲೊರಾಪ್ಸಿಸ್, ಫೇರಿ ಬ್ಲೂಬರ್ಡ್‌ಗೆ ಐರೀನಾ. ನಮ್ಮೂರಿನ ಜಾತಿಯೇ ಸಿಗದಿದ್ದರೆ ಅದೇ ಕುಲದ ಇನ್ನೊಂದು ಜಾತಿ ಸಾಕು, ಈ ಪ್ರಶ್ನೆಗೆ ಅದರಿಂದ ಏನೂ ತೊಂದರೆ ಇಲ್ಲ. ಸಿಕ್ಕಿದ ಮೊದಲನೆಯದನ್ನೇ ಇಳಿಸಿಕೊಳ್ಳಬೇಡಿ. ದಾಖಲೆ ತೆರೆದು ಓದಿ. ಉದ್ದ ಎಷ್ಟು? ವೌಚರ್ ಸಂಖ್ಯೆ ಇದೆಯಾ? ಅಂದರೆ ಆ ಹಕ್ಕಿಯ ಮಾದರಿ ಯಾವುದೋ ಮ್ಯೂಸಿಯಂನಲ್ಲಿ ಇದೆಯಾ, ಮುಂದೆ ಅನುಮಾನ ಬಂದರೆ ಯಾರಾದರೂ ಹೋಗಿ ನೋಡಬಹುದಾ ಅಂತ. ನಾನು ವೌಚರ್ ಇರುವುದನ್ನೇ ಆರಿಸುತ್ತೇನೆ. ಫಾಸ್ಟಾ ರೂಪದಲ್ಲಿ, ಅಂದರೆ ಮೇಲೆ ಹೆಸರಿನ ಸಾಲು, ಕೆಳಗೆ ಅಕ್ಷರಗಳು ಇರುವ ಸಾದಾ ಕಡತವಾಗಿ ಇಳಿಸಿ, ಹೆಸರಿನ ಸಾಲನ್ನು ಚಿಕ್ಕದು ಮಾಡಿ, ಆದರೆ ದಾಖಲೆ ಸಂಖ್ಯೆಯನ್ನು ಮಾತ್ರ ಅಳಿಸಬೇಡಿ. ಆರು ತಿಂಗಳ ಮೇಲೆ ಇದು ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಮೆಗಾ ಅನ್ನುವ ತಂತ್ರಾಂಶ ಪುಕ್ಕಟೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ಮಳೆಗಾಲದ ನಮ್ಮೂರಿಗೆ ಇದೇ ದೊಡ್ಡ ಅನುಕೂಲ. ಫಾಸ್ಟಾ ಕಡತ ತೆರೆದು, ಅಲೈನ್‌ಮೆಂಟ್ ಮೆನುವಿನಲ್ಲಿ ಮಸಲ್ ಆರಿಸಿ. ಅದರಲ್ಲೂ ಕೋಡಾನ್ ಆಧಾರದ ಮಸಲ್. ಎಲ್ಲ ಹಕ್ಕಿಗಳ ಅದೇ ಜಾಗದ ಅಕ್ಷರ ಒಂದೇ ಕಂಬಸಾಲಿನಲ್ಲಿ ನಿಲ್ಲಬೇಕು, ಅದೇ ಈ ಕೆಲಸ.

ಈಗ ಅಕ್ಷರಗಳನ್ನು ಪ್ರೋಟೀನ್‌ಗೆ ಅನುವಾದಿಸಿ ನೋಡಿ. ಇದನ್ನು ಬಿಡಲೇಬೇಡಿ. ಎನ್‌ಡಿ2ಗೆ ಜೆನೆಟಿಕ್ ಕೋಡ್ ಪಟ್ಟಿಯಲ್ಲಿ ಕಶೇರುಕಗಳ ಮೈಟೊಕಾಂಡ್ರಿಯಾ ಅನ್ನುವುದನ್ನು ಆರಿಸಬೇಕು. ಮಾಮೂಲಿ ಕೋಡ್‌ನಲ್ಲಿ ಟಿಜಿಎ ಅಂದರೆ ನಿಲ್ಲು, ಇಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ. ಪಟ್ಟಿ ಬದಲಿಸದಿದ್ದರೆ ಪರದೆ ತುಂಬ ನಿಲ್ಲು ಅನ್ನುವ ನಕ್ಷತ್ರ ಚಿಹ್ನೆ ಬಂದು ಗಾಬರಿಯಾಗುತ್ತದೆ. ಸರಿಯಾದ ಪಟ್ಟಿ ಹಾಕಿದ ಮೇಲೂ ಒಂದೇ ಒಂದು ಹಕ್ಕಿಯ ಸಾಲಿನ ನಡುವೆ ನಕ್ಷತ್ರ ಉಳಿದಿದ್ದರೆ ಆಗ ಅನುಮಾನ ಪಡಿ. ಮೈಟೊಕಾಂಡ್ರಿಯಾದ ತುಣುಕುಗಳು ಹಿಂದೆ ಯಾವಾಗಲೋ ಕೋಶಕೇಂದ್ರದ ಡಿಎನ್‌ಎ ಒಳಗೆ ಸೇರಿಕೊಂಡು ಕೆಲಸವಿಲ್ಲದೆ ಬಿದ್ದಿರುತ್ತವೆ. ಅದನ್ನೇ ಅಸಲಿ ಅಂತ ಓದಿರಬಹುದು. ಆ ಸಾಲು ತೆಗೆದು ಬೇರೆ ದಾಖಲೆ ಹುಡುಕಿ. ರ‍್ಯಾಗ್-1ಗೆ ಮಾಮೂಲಿ ಕೋಡೇ ಸರಿ.

ಮುಂದಿನದು ಯಂತ್ರದ ಕೆಲಸ. ಮಾಡೆಲ್ಸ್ ಮೆನುವಿನಲ್ಲಿ ಅಕ್ಷರಗಳು ಬದಲಾಗುವ ಬಗೆಗೆ ಯಾವ ಲೆಕ್ಕದ ಮಾದರಿ ಹೊಂದುತ್ತದೆ ಅಂತ ಕೇಳಿ, ಅದು ಹೇಳಿದ್ದನ್ನು ಹಾಕಿ ಮ್ಯಾಕ್ಸಿಮಮ್ ಲೈಕ್ಲಿಹುಡ್ ಮರ ಬರೆಸಿ, ಅಂದರೆ ನಮ್ಮ ಅಕ್ಷರಗಳು ಬರುವ ಸಾಧ್ಯತೆ ಅತಿ ಹೆಚ್ಚಿರುವ ಮರ. ಕವಲುಗಳು ಎಷ್ಟು ಗಟ್ಟಿ ಅಂತ ನೋಡುವ ಬೂಟ್‌ಸ್ಟ್ರ್ಯಾಪ್ 1,000 ಇಡಿ. ಇದನ್ನು ವಂಶವೃಕ್ಷಕ್ಕೆ ತಂದವರು ಜೋಸೆಫ್ ಫೆಲ್ಸನ್‌ಸ್ಟೈನ್, 1985ರಲ್ಲಿ. ಅಕ್ಷರಗಳ ಕಂಬಸಾಲುಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಎತ್ತಿದ್ದನ್ನು ವಾಪಸ್ ಹಾಕಿ ಮತ್ತೆ ಎತ್ತಿ, ಸಾವಿರ ಹೊಸ ಪಟ್ಟಿ ಮಾಡಿ ಸಾವಿರ ಮರ ಬರೆಯುತ್ತದೆ. ಒಂದು ಕವಲು ಅದರಲ್ಲಿ ಶೇಕಡಾ ಎಷ್ಟು ಸಲ ಬಂತು ಅನ್ನುವುದೇ ಕವಲಿನ ಪಕ್ಕದ ಸಂಖ್ಯೆ. 70ಕ್ಕಿಂತ ಕಡಿಮೆ ಇದ್ದರೆ ನಾನು ಆ ಕವಲನ್ನು ನಂಬುವುದಿಲ್ಲ.

ಮರ ಬಂತು. ನವರಂಗದ ಕೊಂಬೆ ಆರಿಸಿ ಅಲ್ಲಿ ಬುಡ ಕೂರಿಸಿ. ಓದುವಾಗ ಒಂದು ಎಚ್ಚರ. ಪಟ್ಟಿಯಲ್ಲಿ ಮೇಲೆ ಕೆಳಗೆ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಹತ್ತಿರದವರಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೆಲ್ಲ ನೆಂಟರಾ? ಎರಡು ಹಕ್ಕಿಗಳಿಂದ ಹಿಂದಕ್ಕೆ ಗೆರೆ ಹಿಡಿದು ಹೋಗಿ, ಎರಡೂ ಸೇರುವ ಗಂಟು ಎಲ್ಲಿದೆ ನೋಡಿ. ಆ ಗಂಟು ಎಷ್ಟು ಈಚೆ ಇದೆಯೋ ಅಷ್ಟು ಹತ್ತಿರ.

ರ‍್ಯಾಗ್-1ರಂಥ ನಿಧಾನದ ಜೀನ್‌ಗಳು ಕೊಡುವ ಉತ್ತರ ಹೀಗಿದೆ. ಎಲೆಹಕ್ಕಿ, ಫೇರಿ ಬ್ಲೂಬರ್ಡ್ ಅಕ್ಕತಂಗಿಯರು, ಇಬ್ಬರೂ ಗುಬ್ಬಚ್ಚಿ, ಸೂರಕ್ಕಿಗಳ ಕಡೆಯವರು. ಮಧುರಕಂಠ ಆ ಕಡೆಯೇ ಅಲ್ಲ! ಅದು ಕಾಗೆ, ಕಾಜಾಣಗಳ ದೊಡ್ಡ ಕವಲಿನಲ್ಲಿ, ವುಡ್‌ಶ್ರೈಕ್‌ಗೆ ಹತ್ತಿರ. ಮಧುರಕಂಠ, ಎಲೆಹಕ್ಕಿ ಎರಡೂ ಹಸಿರು ಅಂದ ಮಾತ್ರಕ್ಕೆ ನೆಂಟರಲ್ಲ, ಎಲೆಗಳ ನಡುವೆ ಬದುಕುವ ಯಾರಿಗಾದರೂ ಹಸಿರು ಬಣ್ಣ ಬರಬಹುದು. ಮಧುರಕಂಠ ಉಳಿದೆರಡರ ಕುಟುಂಬದ್ದಲ್ಲ ಅಂತ ಪಕ್ಷಿ ವಿಜ್ಞಾನಿಗಳಾದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ 1990ರ ಹೊತ್ತಿಗೇ ಹೇಳಿದ್ದರು, ಅದೂ ಅಕ್ಷರ ಓದದೆ. ಎರಡು ಹಕ್ಕಿಗಳ ಡಿಎನ್‌ಎ ಎಳೆ ಜೋಡಿಸಿ, ಕಾಯಿಸಿ, ಎಷ್ಟು ಬಿಸಿಗೆ ಬಿಡಿಸಿಕೊಳ್ಳುತ್ತದೆ ಅಂತ ಅಳೆದು. ಅವರ ಎಲ್ಲ ಮಾತೂ ನಿಲ್ಲಲಿಲ್ಲ. ಎಲೆಹಕ್ಕಿ, ಫೇರಿ ಬ್ಲೂಬರ್ಡ್‌ಗಳನ್ನೂ ಅವರು ಕಾಗೆ ಕಡೆಗೇ ಹಾಕಿದ್ದರು. ಕಾಗೆ ಕಡೆಯವರೂ ಆಸ್ಟ್ರೇಲಿಯಾದ ಹಳೆಯ ಹಾಡುಹಕ್ಕಿಗಳೂ ಸೇರಿ ಒಂದೇ ಗುಂಪು ಅಂದಿದ್ದರು. 2004ರಲ್ಲಿ ಕೀತ್ ಬಾರ್ಕರ್ ಮತ್ತು ಸಂಗಡಿಗರು ರ‍್ಯಾಗ್ ಜೀನ್‌ಗಳನ್ನೇ ಓದಿ ಅದು ಒಂದು ಗುಂಪಲ್ಲ, ಹಾಡುಹಕ್ಕಿಗಳ ಮೂಲವೇ ಆಸ್ಟ್ರೇಲಿಯಾ ಕಡೆ ಅಂತ ತೋರಿಸಿದರು.

ನಿಮ್ಮ ಎನ್‌ಡಿ2 ಮರ ಇದಕ್ಕೆ ಒಪ್ಪದೆ ಹೋಗಬಹುದು. ಆಗ ಮೊದಲು ಬೂಟ್‌ಸ್ಟ್ರ್ಯಾಪ್ ಸಂಖ್ಯೆ ನೋಡಿ. ಬುಡದ ಹತ್ತಿರ ಕಡಿಮೆ ಇದ್ದರೆ ಅದು ಜಗಳವಲ್ಲ, ಆ ಜೀನ್‌ಗೆ ಅಷ್ಟು ಹಿಂದಿನದು ಹೇಳಲು ಆಗುತ್ತಿಲ್ಲ ಅಷ್ಟೇ. ಎರಡರಲ್ಲೂ ಸಂಖ್ಯೆ ಗಟ್ಟಿಯಾಗಿದ್ದು ಮರ ಬೇರೆ ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದು. ಹಿಂದೆ ಯಾವಾಗಲೋ ಎರಡು ಜಾತಿ ಬೆರೆತಿದ್ದರೆ ತಾಯಿಯ ಕಥೆ ಒಂದು, ಉಳಿದ ಜೀನ್‌ಗಳ ಕಥೆ ಇನ್ನೊಂದು ಆಗುತ್ತದೆ.

ಇದನ್ನೆಲ್ಲ ನೋಡಿ ಅಕ್ಕನ ಮಗ ಕೇಳಿದ, "ಮಾವ, ಹಾಗಾದ್ರೆ ನಾವೇ ಒಂದು ಹಕ್ಕಿ ಹಿಡಿದು ಡಿಎನ್‌ಎ ತೆಗೆಯಬಹುದಲ್ಲ?" ತೆಗೆಯಲು ಸುಲಭವೇ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುತ್ತದೆ, ನಮ್ಮದರಲ್ಲಿ ಇಲ್ಲ. ಹಾಗಾಗಿ ಒಂದು ಹನಿ ರಕ್ತ ಧಾರಾಳ. ಗರಿಯಾದರೆ ಬುಡದ ತುದಿ ಸಾಕು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡುಹಕ್ಕಿ ಹಿಡಿಯಲು ಅನುಮತಿ ಬೇಕು, ಅದು ಸಂಶೋಧನಾ ಸಂಸ್ಥೆಗಳ ಮೂಲಕ ಅರ್ಜಿ ಹಾಕಿ ಪಡೆಯುವಂಥದ್ದು. ಅವನಿಗೆ ನಾನು ಕೊಟ್ಟ ಕೆಲಸ ಬೇರೆ: ರಾಜಹಕ್ಕಿಯನ್ನು ಇದೇ ಪಟ್ಟಿಗೆ ಸೇರಿಸು. ಅದೇ, ಬಿಳಿ ರಿಬ್ಬನ್ ಬಾಲದ ಪ್ಯಾರಡೈಸ್ ಫ್ಲೈಕ್ಯಾಚರ್. ಜೊತೆಗೆ ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್ ಕೂಡ. ಎರಡೂ ನೊಣ ಹಿಡಿಯುವವೇ. ಒಂದು ಮಡಿವಾಳದ ಪಕ್ಕ ಹೋಗಬೇಕು, ಇನ್ನೊಂದು ಕಾಗೆ, ಕಾಜಾಣದ ಕಡೆ. ಯಾವುದು ಎಲ್ಲಿಗೆ ಅಂತ ನೀವೂ ಓಡಿಸಿ ನೋಡಿ.